ಸೋತ ಹಾಡುಗಳ ಅಣ್ಣ

ಪಕ್ಕದ್ಮನೆ ಅಣ್ಣ ತೀರಿಕೊಂಡು ಮೊನ್ನೆ ಭಾನುವಾರಕ್ಕೆ ಒಂದು ವರ್ಷವಾಯಿತು.

ಅಣ್ಣ ಅಂದರೆ ನಮ್ಮೂರಿನವರಲ್ಲ. ಇಲ್ಲೇ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿ, ಇಲ್ಲೇ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದು, ಇಲ್ಲೇ ಕಣ್ಣು ಮುಚ್ಚಿದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ಸರ್ ಅಂದರೆ ಅವರಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ಒಂದು ದಿನ ಅಣ್ಣ ಅಂದುಬಿಟ್ಟೆ. ಹಾಗಂದರೇನು ಅಂತ ಕೇಳಿದರು. ಹೇಳಿದೆ. "ನನಗೆ ತಮ್ಮಂದಿರೇ ಇರಲಿಲ್ಲ ನೋಡು" ಅಂದರು. ಅಲ್ಲಿಂದ ಅವರು ಅಣ್ಣ, ಅವರ ಹೆಂಡತಿ ಅತ್ತಿಗೆ, ನನ್ನ ಮಗಳಿಗೆ ದೊಡ್ಡಪ್ಪ, ದೊಡ್ಡಮ್ಮ. ಅವರು ಮಾತ್ರ ನನ್ನನ್ನು ಕೊನೆಯವರೆಗೂ "ಡಕ್" ಅಂತಲೇ ಕರೆದರು. ಈ ಊರಲ್ಲಿ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುವುದು, ನಮ್ಮಲ್ಲಿ ಮಾರಾಯ ಅಂದ ಹಾಗೆ.

ನಾವು ದಾವಣಗೆರೆಯಿಂದ ಇಲ್ಲಿಗೆ ಬಂದದ್ದು 2012ರ ಚಳಿಗಾಲದಲ್ಲಿ. ಇಲ್ಲಿನ ಹಳೇ ಬೀದಿಗಳಲ್ಲಿ ಮನೆಗಳು ಸಾಲಾಗಿ ಅಂಟಿಕೊಂಡಿರುತ್ತವೆ, ಎರಡು ಮನೆಗೆ ಒಂದೇ ಗೋಡೆ. ಮೊದಲ ಭಾನುವಾರ ಬೆಳಿಗ್ಗೆ ಆ ಗೋಡೆಯ ಆಚೆಯಿಂದ ಡ್ರಮ್ಮು, ತುತ್ತೂರಿ, ಎದೆ ಬಿರಿಯುವ ಹಾಗೆ ಹಾಡುವ ಒಬ್ಬ ಹೆಣ್ಣಿನ ದನಿ. ಎರಡೂವರೆ ನಿಮಿಷ. ನಿಶ್ಶಬ್ದ. ಮತ್ತೊಂದು ಹಾಡು, ಮತ್ತೆ ನಿಶ್ಶಬ್ದ. ಮಧ್ಯಾಹ್ನದವರೆಗೂ ಹೀಗೇ, ಒಂದು ಹಾಡೂ ಎರಡನೇ ಸಲ ಬರಲಿಲ್ಲ. ಮೂರನೇ ಭಾನುವಾರ ಹೋಗಿ ಬಾಗಿಲು ತಟ್ಟಿದೆ. ಗಲಾಟೆ ಜಾಸ್ತಿಯಾಯ್ತು ಅಂತ ಹೇಳಲು ಬಂದೆ ಅಂದುಕೊಂಡು ಅತ್ತಿಗೆ ಕ್ಷಮೆ ಕೇಳಲು ಶುರು ಮಾಡಿದರು. ನಾನು, ಈಗ ಮುಗಿದ ಹಾಡು ಯಾವುದು ಅಂತ ಕೇಳಿದೆ. ಒಳಗಿನಿಂದ ಅಣ್ಣ ಎದ್ದು ಬಂದು ನನ್ನ ತೋಳು ಹಿಡಿದು ಕರೆದುಕೊಂಡು ಹೋದರು. ಚಹಾ ಬಂತು. ನಾನು ಮನೆಗೆ ಬಂದದ್ದು ಸಂಜೆ.

ಆ ಕೋಣೆಯಲ್ಲಿ ಸೋಫಾ ಒಂದು ಬಿಟ್ಟರೆ ಉಳಿದದ್ದೆಲ್ಲ ಗ್ರಾಮಫೋನ್ ಪ್ಲೇಟುಗಳು. ಏಳು ಇಂಚಿನವು, ನಿಮಿಷಕ್ಕೆ 45 ಸುತ್ತು ತಿರುಗುವವು, ಒಂದು ಮಗ್ಗುಲಿಗೆ ಒಂದೇ ಹಾಡು. ಅಮೆರಿಕದಿಂದ ಬಂದವಕ್ಕೆ ನಡುವೆ ದೊಡ್ಡ ತೂತು, ನಮ್ಮ ಕಡೆ ಸಿಗುತ್ತಿದ್ದವಕ್ಕೆ ಇದ್ದ ಹಾಗೆ ಸಣ್ಣದಲ್ಲ. ಆ ತೂತಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಸಿಕ್ಕಿಸಿ ಹಾಕಬೇಕು. ಅವುಗಳಲ್ಲಿ ಎಷ್ಟೋ ವಿನೈಲ್ ಕೂಡ ಅಲ್ಲ, ಸ್ಟೈರೀನ್ ಅನ್ನುವ ಅಗ್ಗದ ಪ್ಲಾಸ್ಟಿಕ್ಕು. ಕೆಟ್ಟ ಮುಳ್ಳು ಹಾಕಿದರೆ ಕೆಲವೇ ಸಲಕ್ಕೆ ಸವೆದು ಸರಸರ ಅನ್ನುತ್ತದೆ. ಅಣ್ಣ ಅವನ್ನು ಎತ್ತುತ್ತಿದ್ದದ್ದು ಅಂಚು ಹಿಡಿದು, ಎರಡೂ ಅಂಗೈ ನಡುವೆ. ಕಾರ್ಖಾನೆಯಲ್ಲಿ ಸುಡದ ಹಸಿ ಬಟ್ಟಲು ಎತ್ತಿ ಎತ್ತಿ ಬಂದ ಅಭ್ಯಾಸ ಅದು ಅಂತ ಅತ್ತಿಗೆ ಹೇಳುತ್ತಿದ್ದರು.

ಈ ಸಂಗೀತಕ್ಕೆ ಸೋಲ್ ಅನ್ನುತ್ತಾರೆ, ಆತ್ಮ ಅಂತ. ಅಣ್ಣ ಮೊದಲ ಸಲ ಆ ಮಾತು ಹೇಳಿದಾಗ ನನಗೆ ನಮ್ಮ ಸೋಲು ಅನ್ನುವ ಪದವೇ ಕೇಳಿಸಿತು. ಅವರಿಗೆ ಅದರ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸರಿಯಾಗೇ ಇದೆ. ಇಲ್ಲಿರೋದೆಲ್ಲ ಸೋತ ಹಾಡುಗಳೇ" ಅಂದರು.

ಅದು ನಿಜ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಕಪ್ಪು ಗಾಯಕರ ಹಾಡುಗಳನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತಲ್ಲ, ಅದನ್ನು ನೋಡಿ ಡೆಟ್ರಾಯಿಟ್, ಶಿಕಾಗೊ, ಲಾಸ್ ಏಂಜಲೀಸ್ ಎಲ್ಲ ಕಡೆ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದವು. ಒಂದಿಷ್ಟು ಸಾಲ ಮಾಡಿ, ಓಣಿಯ ಹುಡುಗನೊಬ್ಬನ ಕೈಲಿ ಹಾಡಿಸಿ, ಕೆಲವೇ ನೂರು ಪ್ಲೇಟು ಒತ್ತಿಸಿ, ರೇಡಿಯೊದವರು ಹಾಕದೆ, ಯಾರೂ ಕೊಳ್ಳದೆ, ಗೋದಾಮಿನಲ್ಲಿ ಧೂಳು ತಿಂದು ಹೋದ ಹಾಡುಗಳು ಲೆಕ್ಕವಿಲ್ಲದಷ್ಟು. ಹಾಡಿದವನು ಆಮೇಲೆ ಬಸ್ಸು ಓಡಿಸಿದ, ಕಾರ್ಖಾನೆಗೆ ಸೇರಿದ. ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ರುಚಿಯೇ ಬದಲಾಗಿ ಫಂಕ್ ಅನ್ನುವ ಬೇರೆ ಬಗೆಯ ಸಂಗೀತ ಬಂತು. ಆದರೆ ಇಂಗ್ಲೆಂಡಿನ ಉತ್ತರ ಮತ್ತು ನಡುಭಾಗದ ಗಣಿ, ಗಿರಣಿ, ಪಿಂಗಾಣಿ ಊರುಗಳ ಹುಡುಗ ಹುಡುಗಿಯರಿಗೆ ಆ ಹಳೇ ಓಟದ ತಾಳವೇ ಬೇಕಿತ್ತು, ಐದು ದಿನ ದುಡಿದು ಶನಿವಾರ ರಾತ್ರಿಯಿಡೀ ಕುಣಿಯಲು. ಲಂಡನ್ನಿನಲ್ಲಿ ಪ್ಲೇಟಿನ ಅಂಗಡಿ ಇಟ್ಟಿದ್ದ ಡೇವ್ ಗೋಡಿನ್ ಎಂಬ ಬರಹಗಾರ, ಫುಟ್‌ಬಾಲ್ ನೋಡಲು ಉತ್ತರದಿಂದ ಬರುವ ಹುಡುಗರು ಬರೀ ಇಂಥವನ್ನೇ ಕೇಳುತ್ತಾರಲ್ಲ ಅಂತ ಗಮನಿಸಿ ಇದಕ್ಕೆ ನಾರ್ದರ್ನ್ ಸೋಲ್ ಅಂತ ಹೆಸರಿಟ್ಟ. 1970ರಲ್ಲಿ ಆ ಹೆಸರು ಪತ್ರಿಕೆಯಲ್ಲೂ ಬಂತು.

ಅಣ್ಣ ಹದಿನೇಳನೇ ವಯಸ್ಸಿಗೆ ಮೊದಲು ಹೋದದ್ದು ನಮ್ಮ ಪಕ್ಕದ ಟನ್‌ಸ್ಟಲ್‌ನಲ್ಲಿದ್ದ ಟಾರ್ಚ್‌ಗೆ. ಹಳೇ ಸಿನಿಮಾ ಟಾಕೀಸನ್ನು ಕುಣಿತದ ಕ್ಲಬ್ಬು ಮಾಡಿದ್ದರು. ಮೇಜರ್ ಲಾನ್ಸ್ ಅನ್ನುವ ಶಿಕಾಗೊ ಗಾಯಕ ಅಲ್ಲಿಗೇ ಬಂದು ಹಾಡಿದ್ದ, ಅದು ಪ್ಲೇಟಾಗಿಯೂ ಬಂತು. 1973ರ ಮಾರ್ಚ್‌ನಲ್ಲಿ ಟಾರ್ಚ್ ಮುಚ್ಚಿತು, ಸೆಪ್ಟೆಂಬರ್ 23ರ ರಾತ್ರಿ ಉತ್ತರದ ವಿಗನ್ ಊರಿನಲ್ಲಿ ವಿಗನ್ ಕಸಿನೊ ಶುರುವಾಯಿತು. ಜೂಜಿನ ಕಸಿನೊ ಅಲ್ಲ, ದೊಡ್ಡ ಮರದ ನೆಲದ ಹಳೇ ನೃತ್ಯದ ಹಾಲು. ನಡುರಾತ್ರಿ ಕಳೆದ ಮೇಲೆ ಬಾಗಿಲು ತೆರೆದರೆ ಬೆಳಿಗ್ಗೆ 8ಕ್ಕೆ ಮುಕ್ತಾಯ. ಒಳಗೆ ಮದ್ಯ ಸಿಗುತ್ತಿರಲಿಲ್ಲ. ನಶೆಯ ಮಾತ್ರೆ ನುಂಗಿ ಕುಣಿಯುವವರಿದ್ದರು, ಅದರಿಂದ ಹಾಳಾದ ಒಬ್ಬ ಗೆಳೆಯನ ಬಗ್ಗೆ ಅಣ್ಣ ಒಂದೇ ಸಲ ಹೇಳಿ ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಶನಿವಾರ ಕೆಲಸ ಮುಗಿಸಿ, ಚೀಲದಲ್ಲಿ ಟವೆಲ್ಲು, ಬದಲಿ ಬನಿಯನ್ನು, ಒಂದು ಡಬ್ಬಿ ಪೌಡರು ಹಾಕಿಕೊಂಡು ರೈಲು ಹತ್ತುತ್ತಿದ್ದರಂತೆ. ಪೌಡರು ನೆಲಕ್ಕೆ ಉದುರಿಸಲು. ಚರ್ಮದ ಅಟ್ಟೆಯ ಬೂಟು ಆಗ ಮಂಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ.

ರಾತ್ರಿ ಮುಗಿಯುವಾಗ ಪ್ರತಿ ಸಲವೂ ಅವೇ ಮೂರು ಹಾಡು. ಎಂಟಕ್ಕೆ ಮುಂಚಿನ ಮೂರು ಅಂತಲೇ ಅವಕ್ಕೆ ಹೆಸರು. ಮೂರರಲ್ಲಿ ಒಂದನ್ನು ಹಾಡಿದವರು ಜಿಮ್ಮಿ ರಾಡ್‌ಕ್ಲಿಫ್. ಈ ರಾತ್ರಿ ಮುಗಿದ ಎಷ್ಟೋ ಕಾಲದ ಮೇಲೂ ನಿನ್ನನ್ನೇ ಪ್ರೀತಿಸುತ್ತಿರುತ್ತೇನೆ ಅನ್ನುವ ಭಾವದ ಹಾಡು. ಎಂಟು ವರ್ಷ, ಅಂದರೆ 1981ರ ಡಿಸೆಂಬರ್ 6ಕ್ಕೆ ಕಸಿನೊ ಮುಚ್ಚುವವರೆಗೆ, ಬೆಳಗಿನ ಜಾವ ಜನ ಆ ಹಾಡಿಗೆ ಕಣ್ಣೀರು ಹಾಕಿದರು. ಜಿಮ್ಮಿ ರಾಡ್‌ಕ್ಲಿಫ್ ಮಾತ್ರ 1973ರ ಜುಲೈನಲ್ಲೇ, ಇನ್ನೂ ನಲವತ್ತು ತುಂಬದೆ, ತೀರಿಹೋಗಿದ್ದರು. ಕಸಿನೊ ಶುರುವಾಗಲು ಇನ್ನೆರಡು ತಿಂಗಳಿತ್ತು. ಇದನ್ನು ಹೇಳುವಾಗ ಅಣ್ಣನ ದನಿ ಪ್ರತಿ ಸಲ ಒಡೆಯುತ್ತಿತ್ತು. "ಒಂದು ಪತ್ರ ಬರೆದು ತಿಳಿಸೋಣ ಅಂದರೂ ಆಗಲಿಲ್ಲ, ಡಕ್."

ನನಗೆ ಅವರ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ. ಅಪರೂಪದ ಪ್ಲೇಟು ಕೂಡಿಡುವವರು ಬಹಳ ಜನ ಇದ್ದಾರೆ, ಅದು ದೊಡ್ಡ ವ್ಯಾಪಾರವೂ ಹೌದು. ಫ್ರಾಂಕ್ ವಿಲ್ಸನ್ ಎಂಬವರು 1965ರಲ್ಲಿ ಮೋಟೌನ್‌ಗೆ ಹಾಡಿದ ಒಂದು ಹಾಡಿದೆ. ಹಾಡುಗಾರ ಆಗುವುದಕ್ಕಿಂತ ಹಾಡು ಮಾಡಿಸುವವನಾಗಿಯೇ ಉಳಿಯುತ್ತೇನೆ ಅಂತ ಅವರು ತೀರ್ಮಾನಿಸಿದ ಮೇಲೆ ಆ ಪ್ಲೇಟುಗಳು ಹೊರಗೆ ಬರಲೇ ಇಲ್ಲ, ಬೆರಳೆಣಿಕೆಯಷ್ಟು ಉಳಿದವು. 2009ರಲ್ಲಿ ಒಂದು 25,742 ಪೌಂಡಿಗೆ ಮಾರಾಟವಾಯಿತು. ಅಷ್ಟು ಕೊಟ್ಟು ತಂದವನು ಅದನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಆ ಹಾಡು ಎರಡನೇ ಸಲ ಸತ್ತ ಹಾಗೆ ಅಂತ ಅಣ್ಣ ಕೋಪದಿಂದ ಹೇಳುತ್ತಿದ್ದರು. ಅವರು ತಿಂಗಳಿಗೆರಡು ಸಲ ಪೆಟ್ಟಿಗೆ ಹೊತ್ತು ಕ್ಲಬ್ಬುಗಳಿಗೆ, ಪಬ್ಬಿನ ಮಹಡಿಗಳಿಗೆ ಹೋಗಿ ಹಾಕುತ್ತಿದ್ದರು. ಮುಳ್ಳಿಗೆ ಸಿಕ್ಕಿ ಸವೆಯುತ್ತದೆ ಅಂತ ಗೊತ್ತಿದ್ದೂ ಮೂಲ ಪ್ಲೇಟನ್ನೇ ಹಾಕುತ್ತಿದ್ದರು. ನಕಲು ಒತ್ತಿಸಿದ್ದನ್ನು ಹಾಕಿದರೆ ಹಾಡಿದವರಿಗೆ ಮಾಡಿದ ಅವಮಾನ ಅನ್ನುವುದು ಅವರ ನಂಬಿಕೆ.

ಒಂದು ಸಲ ನನ್ನನ್ನೂ ಸ್ಟೋಕ್‌ನ ಕಿಂಗ್ಸ್ ಹಾಲ್‌ಗೆ ಕರೆದುಕೊಂಡು ಹೋದರು, ಇಡೀ ರಾತ್ರಿಯ ಕುಣಿತಕ್ಕೆ. ಅರವತ್ತು ದಾಟಿದ ಗಂಡಸರು, ಮೊಮ್ಮಕ್ಕಳಿರುವ ಹೆಂಗಸರು, ಮಂಡಿ ಆಪರೇಷನ್ ಆದವರು, ಎಲ್ಲ ಒಬ್ಬೊಬ್ಬರೇ ನಿಂತು ಕುಣಿಯುತ್ತಿದ್ದಾರೆ. ಜೋಡಿ ಬೇಕಿಲ್ಲ. ಚೀಲದ ಮೇಲೆ ಬಿಗಿದ ಮುಷ್ಟಿಯ ಚಿತ್ರ, ಕೀಪ್ ದ ಫೇತ್, ನಂಬಿಕೆ ಬಿಡಬೇಡ ಅಂತ ಬರಹ. ಅಮೆರಿಕದ ಕಪ್ಪು ಜನರ ಹೋರಾಟದಿಂದ ಬಂದ ಮುಷ್ಟಿ ಅದು. ಅಣ್ಣನ ಸರದಿ ಬೆಳಗಿನ ಜಾವ ಮೂರಕ್ಕೆ. ಮೊದಲ ಹಾಡಿನ ನಾಲ್ಕು ತಾಳ ಬೀಳುತ್ತಲೇ ಇಡೀ ಹಾಲು ಒಂದೇ ಉಸಿರಿಗೆ ಚಪ್ಪಾಳೆ ತಟ್ಟಿತು. ಸರಿಯಾಗಿ ಒಂದೇ ಜಾಗದಲ್ಲಿ, ಒಂದೇ ಸಲ. ಭಜನೆಯಲ್ಲಿ ತಾಳ ಕೂಡಿದಾಗ ಮೈ ಜುಮ್ಮೆನ್ನುತ್ತದಲ್ವಾ, ಹಾಗಾಯಿತು. ಬೆಳಿಗ್ಗೆ ಬರುವಾಗ ದಾರಿಯಲ್ಲಿ ಓಟ್‌ಕೇಕ್ ಕಟ್ಟಿಸಿಕೊಂಡು ಬಂದೆವು. ಈ ಊರಿನ ತಿಂಡಿ, ಓಟ್ಸ್ ಹಿಟ್ಟು ಹುದುಗಿಸಿ ಕಾವಲಿಯ ಮೇಲೆ ಹುಯ್ಯುವುದು, ನೋಡಲು ಥೇಟ್ ದೋಸೆ.

ಊರಿಗೆ ಹೋದಾಗ ನಮ್ಮಪ್ಪನ ಟ್ರಂಕಿನಿಂದ ನಾಲ್ಕು ಪ್ಲೇಟು ತಂದು ಅಣ್ಣನಿಗೆ ಕೊಟ್ಟೆ. ಪಿ.ಬಿ. ಶ್ರೀನಿವಾಸ್ ಹಾಡಿದ ಸಿನಿಮಾ ಹಾಡುಗಳು, ಇವೂ ಏಳು ಇಂಚಿನವು. ಅಪ್ಪ ಹೋದ ಮೇಲೆ ಅವನ್ನು ಹಾಕಲು ಮನೆಯಲ್ಲಿ ಯಂತ್ರವೇ ಇರಲಿಲ್ಲ. ಅಣ್ಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ದೀಪಕ್ಕೆ ಹಿಡಿದು ಗೆರೆ ನೋಡಿ, ಮುಳ್ಳು ಬದಲಿಸಿ ಹಾಕಿದರು. ಇಪ್ಪತ್ತೈದು ವರ್ಷದ ಮೇಲೆ ನಮ್ಮನೆ ಭಾನುವಾರ ಆ ಪಿಂಗಾಣಿ ಊರಿನ ಕೋಣೆಯಲ್ಲಿ ಕೇಳಿಸಿತು. ನಾನು ಅತ್ತುಬಿಟ್ಟೆ. ಅಣ್ಣ ಏನೂ ಹೇಳಲಿಲ್ಲ, ಹಾಡು ಮುಗಿದ ಮೇಲೆ ಎದ್ದು ಅದನ್ನೇ ಮತ್ತೊಮ್ಮೆ ಹಾಕಿದರು. ಅವರ ಮನೆಯಲ್ಲಿ ಒಂದು ಹಾಡು ಎರಡು ಸಲ ಬಂದದ್ದು ನಾನು ಕೇಳಿದ್ದು ಅದೊಂದೇ ದಿನ.

ಇನ್ನು ಕಾಗದ ಅಂಟಿಸಿದ ಒಂದು ಪ್ಲೇಟಿನ ವಿಷಯ. ಆ ಕಾಲದಲ್ಲಿ ಹಾಡು ಹಾಕುವವರು ಯಾರಿಗೂ ಗೊತ್ತಿಲ್ಲದ ಹಾಡೊಂದು ಸಿಕ್ಕರೆ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ಬೇರೆಯವರು ಹುಡುಕಿ ತಂದುಬಿಟ್ಟರೆ ಇವರಿಗೇನು ಉಳಿಯಿತು. ಕವರ್-ಅಪ್ ಅನ್ನುತ್ತಾರೆ ಅದಕ್ಕೆ. ಅಣ್ಣನ ಪೆಟ್ಟಿಗೆಯಲ್ಲಿ ಅಂಥದ್ದು ಒಂದಿತ್ತು, ಕಾಗದ ಹಳದಿಯಾಗಿ ಅಂಚು ಸುರುಳಿಯಾಗಿತ್ತು. ಈಗ ಫೋನು ಹಿಡಿದರೆ ಹಾಡಿನ ಹೆಸರು ಬರುತ್ತದೆ, ಆದರೆ ಇದಕ್ಕೆ ಮಾತ್ರ ಏನೂ ಬರುತ್ತಿರಲಿಲ್ಲ. ಗೆಳೆಯರು ಎಷ್ಟು ಕೇಳಿದರೂ ಅವರು ಬಾಯಿ ಬಿಟ್ಟಿರಲಿಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ, ಕೊನೆಯ ವಾರ, ಅತ್ತಿಗೆ ಚಹಾ ತರಲು ಹೋಗಿದ್ದಾಗ ನನ್ನನ್ನು ಹತ್ತಿರ ಕರೆದು ಆ ಹಾಡಿನ ಹೆಸರು ಹೇಳಿದರು. ಹಾಡಿದವಳ ಹೆಸರು, ಊರು, ಕಂಪನಿ, ಎಲ್ಲ. ದನಿ ಬಹಳ ಸಣ್ಣಗಿತ್ತು, ಎರಡು ಸಲ ಹೇಳಿಸಿಕೊಂಡೆ. ನನಗೇ ಯಾಕೆ ಅಂತ ಕೇಳಿದೆ. "ನೀನು ಮಾರೋದಿಲ್ಲ. ಅವಳ ಹೆಸರು ಒಬ್ಬರಿಗಾದರೂ ಗೊತ್ತಿರಬೇಕು" ಅಂದರು.

ಚಿತಾಗಾರದ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಶವಪೆಟ್ಟಿಗೆ ಒಳಗೆ ಬರುವಾಗ ಜಿಮ್ಮಿ ರಾಡ್‌ಕ್ಲಿಫ್ ಹಾಡು. ಚಪ್ಪಾಳೆಯ ಜಾಗ ಬಂದಾಗ ಕಪ್ಪು ಕೋಟಿನ ಅಷ್ಟೂ ಜನ ಒಟ್ಟಿಗೆ ತಟ್ಟಿದರು, ನಾನೂ ನನ್ನ ಮಗಳೂ ತಟ್ಟಿದೆವು. ಆಮೇಲೆ ಪಬ್ಬಿನ ಮಹಡಿಯಲ್ಲಿ ಅವರ ಪೆಟ್ಟಿಗೆ ತೆರೆದು ಹಾಡು ಹಾಕಿದರು. ಆ ಹಳದಿ ಕಾಗದದ ಪ್ಲೇಟು ಬಂದಾಗ ಯಾರೋ ಈಗಲಾದರೂ ಕಾಗದ ಕಿತ್ತು ನೋಡೋಣ ಅಂದರು. ಎಲ್ಲರೂ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಅದನ್ನು ತೆಗೆದುಕೊಂಡು, ಅಂಚು ಹಿಡಿದು, ಎರಡೂ ಅಂಗೈ ನಡುವೆ, ಕಾಗದದ ಸಮೇತ ತಾವೇ ಹಾಕಿದರು.

ಅಣ್ಣ ಬರೆದಿದ್ದ ಸುಳ್ಳು ಹೆಸರನ್ನೇ ಒಬ್ಬರು ಮೈಕಿನಲ್ಲಿ ಹೇಳಿದರು. ಜನ ಕುಣಿದರು. ನನ್ನ ಪಕ್ಕ ನಿಂತಿದ್ದ ವಯಸ್ಸಾದವರೊಬ್ಬರು, ಇದು ಯಾರ ಹಾಡು ಅಂತ ಆ ದೇವರಿಗೇ ಗೊತ್ತು ಅಂದರು. ನಾನು ಸುಮ್ಮನಿದ್ದೆ. ಇಲ್ಲೂ ಬರೆಯುವುದಿಲ್ಲ. ಮಗಳಿಗೆ ಹದಿನೆಂಟು ತುಂಬಲಿ, ಅವಳ ಕಿವಿಯಲ್ಲಿ ಹೇಳುತ್ತೇನೆ.