ಸನ್ನಿಸೈಡಿನಲ್ಲಿ ಮಳೆ

2024 ಜುಲೈ 14, ಭಾನುವಾರ. ಮಡಿಕೇರಿ

ಬೆಳಿಗ್ಗೆಯಿಂದ ಒಂದೇ ಸಮ ಸುರಿಯುತ್ತಿದೆ. ಬೆಂಗಳೂರಿನಿಂದ ಬಂದ ಅಕ್ಕನ ಮಗಳಿಗೆ ಮನೆಯೊಳಗೆ ಕೂತು ಕೂತು ಬೇಜಾರು. "ಮಾವ, ಎಲ್ಲಾದ್ರೂ ಕರ್ಕೊಂಡ್ಹೋಗಿ" ಅಂದಳು. ಈ ಮಳೆಯಲ್ಲಿ ರಾಜಾಸೀಟಿಗೆ ಹೋದರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಜನರಲ್ ತಿಮ್ಮಯ್ಯನವರ ಹಳೇ ಮನೆಯೇ ಈಗ ಮ್ಯೂಸಿಯಂ, ಅಲ್ಲಿಗೆ ಹೋಗೋಣ ಅಂದೆ.

ಆಟೋದವನಿಗೆ ನಾನು ಹೇಳಿದ್ದು ಮಾತ್ರ "ಹಳೇ ಆರ್‌ಟಿಒ ಆಫೀಸು" ಅಂತ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ, ತಿರುಗಿ ನೋಡಿದ. "ಮ್ಯೂಸಿಯಂ ಅಲ್ವಾ ಸಾರ್?" ನಮ್ಮಪ್ಪ ಇದ್ದಿದ್ದರೆ ಎರಡನ್ನೂ ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಆ ಮನೆ ಕೊನೆಯವರೆಗೂ ಸನ್ನಿಸೈಡೇ. ಜೂನ್ ಶುರುವಾದರೆ ತಿಂಗಳುಗಟ್ಟಲೆ ಬಿಸಿಲೇ ಕಾಣದ ಊರಲ್ಲಿ ಮನೆಗೆ ಇಂಥ ಹೆಸರಿಟ್ಟವರ ಧೈರ್ಯ ದೊಡ್ಡದು!

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ಕೊನೆಯಲ್ಲಿ, ಇದೇ ಊರಲ್ಲಿ. ಮನೆತನ ಕೊಡಂದೇರ, ತಂದೆ ಸುಬ್ಬಯ್ಯ. ಮನೆಯವರಿಗೆ ದುಬ್ಬು, ಸೈನ್ಯದಲ್ಲಿ ಟಿಮ್ಮಿ. ಮೂವರು ಅಣ್ಣತಮ್ಮಂದಿರೂ ಸೈನ್ಯ ಸೇರಿದ ಮನೆ ಅದು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಲು ಸೈಪ್ರಸ್ಸಿಗೆ ಹೋಗಿ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು.

ಆಮೇಲೆ ಮನೆ ಸರ್ಕಾರದ ಕೈಗೆ ಬಂದು ಆರ್‌ಟಿಒ ಆಫೀಸಾಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಡಿಎಲ್, ಅಂದರೆ ಡ್ರೈವಿಂಗ್ ಲೈಸೆನ್ಸ್, ಮಾಡಿಸೋಕೆ ಬಂದಿದ್ದು ಇಲ್ಲಿಗೇ. ಅವತ್ತೂ ಮಳೆ. ಅರ್ಜಿಯನ್ನು ಸಕ್ಕರೆಯ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿ, ಅಂಗಿಯೊಳಗೆ ಸೇರಿಸಿ ತಂದಿದ್ದೆ. ಸಾಲಿನಲ್ಲಿ ನಿಂತು ಬಿಚ್ಚಿ ನೋಡಿದರೆ ಕಾಗದದ ಮಡಿಕೆಯಲ್ಲೆಲ್ಲ ಸಕ್ಕರೆ ಹರಳು, ಗೋಂದು ಹಚ್ಚಿದ ಫೋಟೋದ ಅಂಚಿಗೂ ಅಂಟಿತ್ತು. ಉಗುರಲ್ಲಿ ಕೆರೆದು ತೆಗೆದೆ. ಅರ್ಜಿಯಲ್ಲಿ ರಕ್ತದ ಗುಂಪು ಅಂತ ಒಂದು ಖಾನೆ ಖಾಲಿ ಉಳಿದಿತ್ತು. ನನಗೆ ಗೊತ್ತಿರಲಿಲ್ಲ. ಮುಂದೆ ನಿಂತವನ ಅರ್ಜಿ ಇಣುಕಿ ನೋಡಿ ಬಿ ಪಾಸಿಟಿವ್ ಅಂತ ಬರೆದುಬಿಟ್ಟೆ. ನನ್ನದು ಓ ಅಂತ ತಿಳಿದದ್ದು ಎಷ್ಟೋ ವರ್ಷ ಆದಮೇಲೆ, ರಕ್ತದಾನ ಶಿಬಿರವೊಂದರಲ್ಲಿ. ಇದು ಜನರಲ್ ಹುಟ್ಟಿ ಬೆಳೆದ ಮನೆ ಅನ್ನೋದು ಆ ಸಾಲಲ್ಲಿ ನಿಂತಿದ್ದ ಎಷ್ಟು ಜನರ ತಲೆಯಲ್ಲಿತ್ತೋ! ನನ್ನ ತಲೆಯಲ್ಲಿದ್ದದ್ದು ಟೆಸ್ಟಿನಲ್ಲಿ ಬೈಕು ಎಂಟು ಹೊಡೆಯುವಾಗ ಕಾಲು ಊರದಿದ್ದರೆ ಸಾಕು ಅನ್ನೋದೊಂದೇ.

ಈಗ ಎಲ್ಲ ಬದಲಾಗಿದೆ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟನೆ ಮಾಡಿ ಹೋದರು. ಹೊರಗೆ ಯುದ್ಧ ಸ್ಮಾರಕ, ಟ್ಯಾಂಕು. ಟ್ಯಾಂಕಿನ ಮೇಲಿಂದ ನೀರು ಇಳಿಯುತ್ತಿತ್ತು. ಅದನ್ನು ನೋಡಿ ಹುಡುಗಿಗೆ ಕಾಶ್ಮೀರದ ಜೋಜಿಲಾದ ಕತೆ ಹೇಳಿದೆ. 1948ರಲ್ಲಿ, 11 ಸಾವಿರ ಅಡಿಗೂ ಮೇಲಿರುವ ಆ ಕಣಿವೆದಾರಿಗೆ ಟ್ಯಾಂಕು ಏರುತ್ತದೆ ಅಂತ ಪಾಕಿಸ್ತಾನದ ಕಡೆಯ ಎದುರಾಳಿಗಳು ಕನಸಲ್ಲೂ ಎಣಿಸಿರಲಿಲ್ಲ. ನಮ್ಮವರು ಗುಟ್ಟಾಗಿ ಏರಿಸಿದರು. ನವೆಂಬರ್ 1ರ ದಾಳಿಯಲ್ಲಿ ಮುಂದಿನ ಟ್ಯಾಂಕಿನಲ್ಲಿ ಕೂತದ್ದು ಸ್ವತಃ ತಿಮ್ಮಯ್ಯನವರೇ, ಆಗ ಅವರು ಮೇಜರ್ ಜನರಲ್. "ಅವರಿಗೆ ಡಿಎಲ್ ಇತ್ತಾ?" ಅಂತ ಕೇಳಿದಳು. ಆರ್‌ಟಿಒ ಕತೆಯನ್ನು ಆಟೋದಲ್ಲೇ ಹೇಳಿದ್ದು ನನ್ನ ತಪ್ಪು.

ಒಳಗೆ ಫೋಟೋಗಳನ್ನು ನೋಡುತ್ತಾ ಹೋದೆವು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಆಫೀಸಿದ್ದ ಕಾಲದ ಒಂದು ಕುರುಹೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಂಥ ಮನೆಯಲ್ಲಿ ಡಿಎಲ್ ಕೊಡುತ್ತಿದ್ದರಲ್ಲ ಅಂತ ನಾಚಿಕೆಪಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಬೀಗ ಹಾಕಿ ಬಿಟ್ಟ ಮನೆ ಎಷ್ಟು ಮಳೆಗಾಲ ತಾಳುತ್ತದೆ ಅಂತ ಊರವರಿಗೆ ಗೊತ್ತು. ಒಂದು ಹೆಂಚು ಸರಿದರೆ ಸಾಕು, ಮುಂದಿನ ವರ್ಷಕ್ಕೆ ಪಕಾಸಿ ಲಡ್ಡು, ಅದರ ಮುಂದಿನ ವರ್ಷ ಗೋಡೆಯ ಮೇಲೆ ಪಾಚಿ, ಜರೀಗಿಡ. ದಿನಾ ಬಾಗಿಲು ತೆಗೆಯುವವರು, ಸೋರಿದರೆ ಗೊಣಗುವವರು ಇರಬೇಕು. ಇಲ್ಲಿ ಗುಮಾಸ್ತರಿದ್ದರು, ದಿನಾ ಬಾಗಿಲು ತೆಗೆದರು. ಕೋಟೆಯೊಳಗಿನ ಅರಮನೆಯಲ್ಲೂ ದಶಕಗಟ್ಟಲೆ ಸರ್ಕಾರಿ ಫೈಲುಗಳೇ ಇದ್ದದ್ದು. ಅದರ ಪಕ್ಕದಲ್ಲಿ 1855ರಲ್ಲಿ ಕಟ್ಟಿದ ಚರ್ಚು ಇವತ್ತು ಮ್ಯೂಸಿಯಂ. ನಮ್ಮೂರಲ್ಲಿ ಹಳೇ ಕಟ್ಟಡಗಳು ಉಳಿದುಕೊಂಡ ಬಗೆಯೇ ಹೀಗೆ, ಸಿಕ್ಕಿದ ಬಾಡಿಗೆದಾರರನ್ನು ಸೇರಿಸಿಕೊಂಡು. ಸೇನಾಪತಿಯ ಫೋಟೋಗಳ ನಡುವೆ ಒಂದು ಮೂಲೆಯಲ್ಲಿ ಆ ಕಾಲದ ಒಂದು ಬೆಂಚು ಇಟ್ಟಿದ್ದರೆ ಯಾರ ಗೌರವಕ್ಕೂ ಕುಂದಾಗುತ್ತಿರಲಿಲ್ಲ.

"ಮಾವ, ನೀವು ನಿಂತಿದ್ದ ಸಾಲು ಎಲ್ಲಿತ್ತು?" ಹೊರಡುವಾಗ ಹುಡುಗಿ ಕೇಳಿದಳು. ಹಿಂದಕ್ಕೆ ಹೋಗಿ ಹುಡುಕಿದೆ. ಕೌಂಟರಿಲ್ಲ, ಸಾಲಿಲ್ಲ, ಗುರುತು ಸಿಗಲಿಲ್ಲ. ಅಂದಾಜಿನ ಮೇಲೆ ಒಂದು ಕಡೆ ನಿಂತು, "ಇಲ್ಲೇ ಇರಬೇಕು" ಅಂದೆ. ಅಷ್ಟರಲ್ಲಿ ಯಾರೋ ಪ್ರವಾಸಿಗಳು, "ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ, ಫೋಟೋ ತೆಗೀಬೇಕು" ಅಂದರು. ಸೈಡಿಗೆ ಬಂದೆ. ಛತ್ರಿ ಬಿಚ್ಚಿದೆ.