ಲಾವಾ ಪೊಳ್ಳಿನ ಜೇನು

ಹವಾಯಿಯ ದೊಡ್ಡ ದ್ವೀಪದಲ್ಲಿ ಹಿಲೋ ಊರಿನಿಂದ ಕಿಲಾವೆಯಾ ಅಗ್ನಿಪರ್ವತದ ಕಡೆಗೆ ರಸ್ತೆ ಏರುತ್ತಲೇ ಹೋಗುತ್ತದೆ. ಮೊದಲು ಮಳೆ, ಜರೀಗಿಡ. ಆಮೇಲೆ ಬರೀ ಕಪ್ಪು ಕಲ್ಲು. ಆ ಕಲ್ಲಲ್ಲೂ ಬೇರು ಬಿಡುವ ಮರ ಓಹಿಯ. ಕೆಂಪು ಕುಚ್ಚಿನಂಥ ಹೂಗಳ ತುಂಬ ಜೇನುನೊಣ.

ಹವಾಯಿಯಲ್ಲಿ ಮೊದಲು ಜೇನುನೊಣವೇ ಇರಲಿಲ್ಲ. 1857ರಲ್ಲಿ ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ ಯುರೋಪಿನ ಜೇನು ಹೊನೊಲುಲುವಿಗೆ ಬಂತು. ಪೆಟ್ಟಿಗೆಯಲ್ಲಿದ್ದ ಕುಟುಂಬ ಪಾಲಾಗಿ, ಒಂದು ಪಾಲು ಹಾರಿ ಕಾಡು ಸೇರಿತು.

ನಮ್ಮನ್ನು ಸುತ್ತಾಡಿಸಿದವರು ಜೇನು ಸಾಕುವ ಹಿರಿಯರು. ಅಲ್ಲಿ ವಯಸ್ಸಾದ ಗಂಡಸರಿಗೆಲ್ಲ ‘ಅಂಕಲ್’ ಅನ್ನುವುದೇ ರೂಢಿ. ಅವರು ಲಾವಾ ಗಟ್ಟಿಯಾದಾಗ ಉಳಿದ ಒಂದು ಪೊಳ್ಳು ತೋರಿಸಿದರು. ಬಗ್ಗಿ ನೋಡಿದರೆ ಒಳಗೆ ಎರಿಗಳು!

“ಮೊದಲು ಇಂಥ ಗೂಡು ಎಲ್ಲೆಲ್ಲೂ ಇದ್ದವು” ಎಂದರು. 2007ರಲ್ಲಿ ಒವಾಹು ದ್ವೀಪದಲ್ಲಿ ಜೇನುನೊಣದ ಮೈಗಂಟಿ ಬದುಕುವ ವರೋವಾ ನುಸಿ ಕಾಣಿಸಿತು. ಮರುವರ್ಷ ಹಿಲೋದಲ್ಲಿ. ನುಸಿಯ ಜೊತೆ ರೆಕ್ಕೆ ಮುರುಟಿಸುವ ವೈರಸ್ ಕೂಡ ಹಬ್ಬಿತು. ಪೆಟ್ಟಿಗೆಯ ಜೇನಿಗೆ ಔಷಧಿ ಇದೆ. ಕಾಡಿನದ್ದಕ್ಕೆ ಯಾರು ಕೊಡುತ್ತಾರೆ?

ಈ ನುಸಿಯ ಮೂಲ ಆಸರೆ ಏಷ್ಯಾದ ತುಡುವೆ ಜೇನು. ತುಡುವೆ ಮೈಮೇಲಿನ ನುಸಿಯನ್ನು ಹೆಕ್ಕಿ ತೆಗೆಯುತ್ತದೆ. ಅದರ ಗೂಡಲ್ಲಿ ನುಸಿ ಮರಿ ಮಾಡುವುದು ಹೆಚ್ಚಾಗಿ ಗಂಡುನೊಣದ ಕೋಶದಲ್ಲಿ. ಯುರೋಪಿನ ಜೇನಿನಲ್ಲಿ ಕೆಲಸಗಾರ ನೊಣದ ಕೋಶವನ್ನೂ ಬಿಡುವುದಿಲ್ಲ. ಗೂಡೇ ಸೊರಗುತ್ತದೆ.

ಮಳೆ ಕಡಿಮೆಯಿರುವ ಪಶ್ಚಿಮ ದಂಡೆಯಲ್ಲಿ ಕಿಯಾವೆ ಮರಗಳಿವೆ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಅದರ ಜೇನುತುಪ್ಪ ಬೇಗ ಹರಳುಗಟ್ಟಿ ಬೆಳ್ಳಗಾಗುತ್ತದೆ. ರುಚಿ ಬಹಳ ಚೆನ್ನಾಗಿದೆ.

ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಕಡಲಂಚಿನ ನೌಪಕ ಪೊದೆಗಳ ಹತ್ತಿರ. ಅರ್ಧ ಹರಿದಂತೆ ಕಾಣುವ ಬಿಳಿ ಹೂವಿಗೆ ಜೇನಿನ ಬಳಗದ ಪುಟ್ಟ ಕಪ್ಪು ನೊಣವೊಂದು ಬಂತು. ಗಂಡಿನ ಮುಖದಲ್ಲಿ ಹಳದಿ ಗುರುತು. ಆ ಬಳಗದಲ್ಲಿ ಹವಾಯಿಯ ಮೂಲ ನೊಣಗಳೆಂದರೆ ಇವೇ, 60ಕ್ಕೂ ಹೆಚ್ಚು ಜಾತಿ. ಕಾಲಲ್ಲಿ ಪರಾಗದ ಬುಟ್ಟಿಯಿಲ್ಲ, ನುಂಗಿಕೊಂಡೇ ಒಯ್ಯುತ್ತವೆ. ಹವಳದ ಚೂರುಗಳ ಸಂದಿಯಲ್ಲೂ ಗೂಡು ಮಾಡುತ್ತವೆ. ಹೊರಗಿನಿಂದ ಬಂದ ಇರುವೆ ಅಲ್ಲಿಗೂ ನುಗ್ಗುತ್ತದೆ. 2016ರಲ್ಲಿ ಇವುಗಳ 7 ಜಾತಿಗಳನ್ನು ಅಮೆರಿಕ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಅದೇ ಪೊದೆಗೆ ಜೇನುನೊಣವೂ ಬರುತ್ತಿತ್ತು. ದೊಡ್ಡ ಕುಟುಂಬ, ದೊಡ್ಡ ಹಸಿವು. ಒಂಟಿಯಾಗಿ ಗೂಡು ಕಟ್ಟುವ ಈ ಪುಟ್ಟದಕ್ಕೆ ಎಷ್ಟು ಉಳಿದೀತು? ಜೇನು ನನಗೆ ಪ್ರಾಣ. ಆದರೂ ಇಂಥ ದಂಡೆಯಲ್ಲಿ ಪೆಟ್ಟಿಗೆ ಇಡಲೇಬಾರದು ಅಂತ ಅಂಕಲ್‌ಗೆ ಹೇಳಿದೆ. ಅವರು ಒಪ್ಪಿದರು. ಅವರ ಪೆಟ್ಟಿಗೆಗಳೆಲ್ಲ ಮೇಲೆ ಮೆಕಡೇಮಿಯ ಬೀಜದ ತೋಟದಲ್ಲಿವೆಯಂತೆ.