ಪೇಟಿ ಮಂಚದ ಕೆಳಗಿದ್ದರೆ ರಿಯಾಜು ಆಗೋದಿಲ್ಲ

ರಾಯಚೂರು
8 ಜೂನ್ 2025, ಭಾನುವಾರ

ಸಾಲಿ ಶುರುವಾಗಿ ವಾರ ಕಳೆಯಿತು. ಬೇಸಿಗೆ ರಜೆಯಲ್ಲಿ ಹುಮ್ಮಸ್ಸಿನಿಂದ ಸಂಗೀತಕ್ಕೆ ಸೇರಿದ ಮಕ್ಕಳ ರಿಯಾಜು, ಅಂದರೆ ದಿನದ ಅಭ್ಯಾಸ, ಕೈತಪ್ಪುವುದು ಇದೇ ದಿನಗಳಲ್ಲಿ. "ಟೈಮೇ ಸಿಗವಲ್ದರಿ" ಅಂತಾರೆ ಪಾಲಕರು. ಹದಿನೈದು ನಿಮಿಷ ಸಿಗದ ಮನೆ ಇಲ್ಲ. ಕೂರುವ ಮೊದಲಿನ ಕೆಲಸ ಜಾಸ್ತಿ ಆಗಿರುತ್ತದೆ, ಅಷ್ಟೇ. ಪೇಟಿ (ಹಾರ್ಮೋನಿಯಂ) ಮಂಚದ ಕೆಳಗೆ, ಅದರ ಮುಂದೆ ಸೂಟ್‌ಕೇಸು. ಎಳೆದು, ಧೂಳು ಒರೆಸಿ, ಶ್ರುತಿಗೆ ಹಚ್ಚುವ ತಂಬೂರಿ ಆ್ಯಪ್‌ಗೆ ಫೋನು ಹುಡುಕಿದರೆ ಚಾರ್ಜಿಲ್ಲ. ಅಷ್ಟೊತ್ತಿಗೆ ಹುಡುಗ ಓಣಿಯಲ್ಲಿ ಕ್ರಿಕೆಟ್ಟಿಗೆ ಹೋಗಿರುತ್ತಾನೆ.

ಆದ್ದರಿಂದ ಮೊದಲು ಪೇಟಿಗೆ ಕಣ್ಣಿಗೆ ಬೀಳುವ ಜಾಗ ಮಾಡಿಕೊಡಿ. ನಡುಮನೆಯ ಮೂಲೆಯಲ್ಲಿ ಜಮಖಾನ, ಅದರ ಮೇಲೆ ಪೇಟಿ, ಧೂಳಿಗೆ ಒಂದು ತೆಳು ಹತ್ತಿಬಟ್ಟೆ. ನುಡಿಸಿದ ಮೇಲೆ ಗಾಳಿ ಊದುವ ತಿದಿ ಮುಚ್ಚಿ ಕೊಕ್ಕೆ ಹಾಕಬೇಕು. ಮನೆಯಲ್ಲಿ ಇಲಿ ಇದ್ದರೆ ರಾತ್ರಿ ಮಾತ್ರ ಡಬ್ಬಿಯೊಳಗಿಡಿ. ತಿದಿಯ ಚರ್ಮ ಕಡಿಯುತ್ತವೆ. ನಮ್ಮ ಕಡೆ ಎಲ್ಲರೂ ಮರೆಯುವುದು ಕೂಲರ್. ಅದರ ತೇವದ ಗಾಳಿ ನೇರ ಬಿದ್ದರೆ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ಪೇಟಿಯ ಕಟ್ಟಿಗೆ ಉಬ್ಬಿದರೆ ಒತ್ತಿದ ಕೀ ಮೇಲೆ ಬರದೆ ಒಂದೇ ಸ್ವರ ಕೂಗುತ್ತಲೇ ಇರುತ್ತದೆ. ಮಳೆಗಾಲದಲ್ಲೂ ಇದೇ ಕಾಟ. ಪೇಟಿ ಕೆಟ್ಟಿತು ಅಂತ ಬಿಚ್ಚಲು ಹೋಗದೆ ಒಣ ಜಾಗಕ್ಕೆ ಸರಿಸಿ, ಎರಡು ದಿನ ನೋಡಿ.

"ದಿನಾ ಸಂಜೆ ಆರಕ್ಕೆ" ಅಂತ ಗಡಿಯಾರ ನೋಡಿ ಗೊತ್ತು ಮಾಡಿದ್ದು ನಿಲ್ಲುವುದು ಕಡಿಮೆ. ಕರೆಂಟು ಹೋಗುತ್ತದೆ, ಬೀಗರು ಬರುತ್ತಾರೆ. ಮನೆಯಲ್ಲಿ ಹೇಗೂ ದಿನಾ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ: ಸಾಲಿಯಿಂದ ಬಂದು ಕೈಕಾಲು ಮುಖ ತೊಳೆದ ಮೇಲೆ, ಇಲ್ಲವೇ ದೇವರಿಗೆ ದೀಪ ಹಚ್ಚಿದ ಕೂಡಲೇ. ಹೋಂವರ್ಕಿಗಿಂತ ಮೊದಲು. ಆಮೇಲೆ ಅಂದರೆ ನಿದ್ದೆ ಗೆಲ್ಲುತ್ತದೆ. ಹೊಟ್ಟೆ ತುಂಬ ಉಂಡು ಕೂರಿಸಿದರೂ ಉಸಿರು ಹಿಡಿಯಲು ಆಗುವುದಿಲ್ಲ. ಆರರಿಂದ ಎಂಟು ವರ್ಷದವರಿಗೆ ಹತ್ತು ನಿಮಿಷ ಸಾಕು, ಹನ್ನೊಂದರವರೆಗೆ ಇಪ್ಪತ್ತು, ಅದರ ಮೇಲಿನವರಿಗೆ ಅರ್ಧ ತಾಸು. ಶನಿವಾರ ಬೆಳಗಿನ ಸಾಲಿ ಇರುವುದರಿಂದ ಮಧ್ಯಾಹ್ನದ ಮೇಲೆ ಸ್ವಲ್ಪ ಹೆಚ್ಚು ಕೂರಬಹುದು.

ಮೊದಲ ಕೆಲವು ನಿಮಿಷ ಬರೀ ತಂಬೂರಿ. ಆ್ಯಪ್‌ನಲ್ಲಿ ಪ-ಸಾ-ಸಾ-ಸಾ ಇಟ್ಟು, ಫೋನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಗುವಿನ ಕೈಗೆ ಸಿಗದಷ್ಟು ದೂರ ಇಡಿ. ಚಿಕ್ಕ ಮಕ್ಕಳಿಗೆ ಸಾ ಆಗಿ ಪೇಟಿಯ ಕರಿ ನಾಲ್ಕು ಅಥವಾ ಕರಿ ಐದು (ನಾಲ್ಕನೇ, ಐದನೇ ಕರಿ ಕೀ) ಸಾಮಾನ್ಯವಾಗಿ ಹೊಂದುತ್ತದೆ. ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ ಪ) ಕೇಳಿಸಬೇಕು, ತಾರ ಗಾಂಧಾರ (ಮೇಲಿನ ಸ್ಥಾಯಿಯ ಗ) ಕಿರುಚದೆ ಮುಟ್ಟಬೇಕು, ಇದೇ ಪರೀಕ್ಷೆ. ಮಾಸ್ತರು ಹಿಡಿಸಿದ ಸ್ವರವನ್ನು ಮನೆಯಲ್ಲಿ ಬದಲಿಸಬೇಡಿ. ಹಾಡುವಾಗ ಪ್ರತಿ ಸ್ವರಕ್ಕೂ ಪೇಟಿಯ ಕೀ ಒತ್ತುವ ಚಾಳಿ ನನ್ನ ಲೆಕ್ಕದಲ್ಲಿ ಒಳ್ಳೆಯದಲ್ಲ. ಮಗು ಕಿವಿ ಬಿಟ್ಟು ಬೆರಳನ್ನು ನಂಬಲು ಶುರು ಮಾಡುತ್ತದೆ.

ಇನ್ನು ಮುಖ್ಯ ಸಂಗತಿ. ಬಿಟ್ಟರೆ ಮಕ್ಕಳು ಮೊದಲಿಂದ ಕೊನೆತನಕ ಹಾಡಿ "ಮುಗೀತು" ಅಂತ ಏಳುತ್ತಾರೆ. ಬರುವುದನ್ನೇ ಹಾಡುತ್ತಾರೆ, ತಪ್ಪುವುದು ತಪ್ಪುತ್ತಲೇ ಇರುತ್ತದೆ. ಒಂದು ಅಲಂಕಾರ, ಅಂದರೆ ಸ್ವರ ಜೋಡಣೆಯ ಪಾಠ, ತಗೊಳ್ಳಿ: ಸಾಗ, ರೆಮ, ಗಪ, ಮಧ, ಪನಿ, ಧಸಾಂ (ಸಾಂ ಅಂದರೆ ಮೇಲಿನ ಸಾ). ಏರುವಾಗ ಸಲೀಸು. ಇಳಿಯುವಾಗ ಸಾಂಧ ಆದಮೇಲೆ ನಿಪ ಬರಬೇಕು, ಬಾಯಿ ನಿಧ ಅನ್ನುತ್ತದೆ. ದನಿಗೆ ಪಕ್ಕದ ಸ್ವರಕ್ಕೆ ಜಾರುವುದು ಸುಲಭ, ಒಂದು ಬಿಟ್ಟು ಹಾರುವುದು ಕಷ್ಟ. ಹತ್ತು ಸಲ ಮೊದಲಿಂದ ಹಾಡಿಸಿದರೆ ಹತ್ತು ಸಲವೂ ಅದೇ ತಪ್ಪು ಗಟ್ಟಿಯಾಗುತ್ತದೆ. ಹಾಗಾಗಿ 'ಸಾಂಧ ನಿಪ' ಅಷ್ಟನ್ನೇ ಹಿಡಿಯಿರಿ. ಮೊದಲು ರಾಗವಿಲ್ಲದೆ ಬಾಯಲ್ಲಿ ಹೇಳಿಸಿ. ಆಮೇಲೆ ನಿಮಿಷಕ್ಕೆ 60 ಮಾತ್ರೆಯ (ತಾಳದ ಎಣಿಕೆಯ) ಲಯದಲ್ಲಿ, ಮಾತ್ರೆಗೊಂದು ಸ್ವರದಂತೆ ಹಾಡಿಸಿ. ಎಡಕ್ಕೆ ಮೂರು ಹುಣಸೆ ಬೀಜ ಇಡಿ. ಸರಿ ಬಂದರೆ ಒಂದು ಬೀಜ ಬಲಕ್ಕೆ, ತಪ್ಪಿದರೆ ಮೂರೂ ವಾಪಸ್ ಎಡಕ್ಕೆ. ಮೂರೂ ದಾಟಿದರೆ ಮುಂದಿನ ಜೋಡಿ 'ಧಮ' ಸೇರಿಸಿ. ಲಯ ಏರಿಸುವುದು ಐದೈದೇ. ಒಮ್ಮೆಲೇ 90ಕ್ಕೆ ಹಾರಿದರೆ ಹಳೆಯ ತಪ್ಪು ಮತ್ತೆ ಬರುತ್ತದೆ.

ಸಂಗೀತ ಬಾರದ ಅಪ್ಪ ಅಮ್ಮನೂ ಈ ಬೀಜದ ಲೆಕ್ಕ ಇಡಬಹುದು. ಅಡಿಗೆ ಮನೆಯಿಂದಲೇ "ತಪ್ಪಾತು, ತಪ್ಪಾತು" ಅಂತ ಕೂಗುವುದನ್ನು ಬಿಟ್ಟು, ಪಕ್ಕದಲ್ಲಿ ಕೂತು "ಯವ್ವಾ, ನಿನ್ನೆ ಎಲ್ಲಿ ತಪ್ಪಿತ್ತು? ಅಲ್ಲಿಂದನ ಶುರು ಮಾಡು" ಅಂದರೆ ಸಾಕು. ಕೊನೆಯ ಕೆಲವು ನಿಮಿಷ ಮಗುವಿನ ಇಷ್ಟ: ವಚನ, ದಾಸರ ಪದ, ಸಿನಿಮಾ ಹಾಡು, ಏನಾದರೂ. ಚಾಕಲೇಟಿನ ಆಸೆಗಿಂತ ಇದು ಹೆಚ್ಚು ದಿನ ಎಳೆಯುತ್ತದೆ. ಊಟದ ಹೊತ್ತಿಗೆ ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಚ್ಚಿಡಿ. ಪಾಠ ಅಂತ ಹೇಳಬೇಡಿ.

ಕ್ಲಾಸಿಗೆ ಹೋಗಿ ಬಂದ ದಿನ "ಇವತ್ತು ಸಾಕು" ಅಂತ ರಜೆ ಕೊಡುವ ಪದ್ಧತಿ ಸುಮಾರು ಮನೆಗಳಲ್ಲಿದೆ. ಹೊಸ ಪಾಠ ಹಸಿಯಾಗಿರುವುದು ಅವತ್ತೇ. ಹತ್ತು ನಿಮಿಷವಾದರೂ ಕೂರಿಸಿ, ಮೂರು ದಿನ ಬಿಟ್ಟರೆ ಅರ್ಧ ಮರೆತಿರುತ್ತದೆ. ಜಾತ್ರೆ, ಮದುವೆ, ಊರ ಪ್ರಯಾಣ ಇದ್ದರೆ ಬಸ್ಸಿನಲ್ಲೇ ತೀನ್‌ತಾಲ ಕೈಯಲ್ಲಿ ಹಾಕಿಸಬಹುದು: ಹದಿನಾರು ಮಾತ್ರೆಯಲ್ಲಿ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ (ಚಪ್ಪಾಳೆ ಇಲ್ಲದೆ ಕೈ ಬೀಸುವುದು). ಅದಕ್ಕೆ ಪೇಟಿಯೂ ಬೇಡ, ಕರೆಂಟೂ ಬೇಡ. ಜ್ವರ, ಗಂಟಲು ನೋವಿದ್ದಾಗ ಹಾಡಿಸಲೇಬಾರದು, ತಾಳ ಸಾಕು.

ಹನ್ನೆರಡು ಹದಿಮೂರರ ಆಸುಪಾಸಿನ ಗಂಡುಮಕ್ಕಳ ಮಾತು ಬೇರೆ. ದನಿ ಒಡೆಯುವಾಗ ತಾರಸ್ಥಾಯಿ ಸಿಗುವುದಿಲ್ಲ, ಹುಡುಗ ನಾಚಿ ಬಿಟ್ಟೇಬಿಡುತ್ತಾನೆ. ಆಗ ಮಾಸ್ತರನ್ನು ಕೇಳಿ ಸಾ ಕೆಳಗಿಳಿಸಿ, ಮಧ್ಯ ಸ್ಥಾಯಿಯ ಪಂಚಮ ದಾಟಿಸದೆ ಸಣ್ಣ ದನಿಯಲ್ಲಿ ಹಾಡಿಸಿ. ಉಳಿದ ಹೊತ್ತು ಪೇಟಿಯೋ ತಬಲಾವೋ ನುಡಿಸಲಿ. ದನಿ ಕೂರುವತನಕ ಕೆಲವು ತಿಂಗಳು ಹೀಗೇ ನಡೆಯಬೇಕಾಗುತ್ತದೆ.